ಅಜ್ಜಿಯ ಹೆಸರಲ್ಲಿ ಬಂದ ಕಾನೂನು

ಮನೆ ಅದೇ, ಗೋಡೆ ಅದೇ. ಒಳಗಿರುವ ಮುದುಕ ಮುದುಕಿಯ ಪಿಂಚಣಿಯೂ ಹೆಚ್ಚುಕಮ್ಮಿ ಅಷ್ಟೇ. ಆದರೆ ಮನೆ ಮೇಲಿನ ತೆರಿಗೆ ಮಾತ್ರ ಕೆಲವೇ ವರ್ಷಗಳಲ್ಲಿ ಎರಡು ಪಟ್ಟು. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಬಹಳಷ್ಟು ಹಿರಿಯರಿಗೆ ಬಂದ ಕಷ್ಟ ಇದು. ಆ ಕಷ್ಟ ನಿಜವಾದದ್ದು. ಅದನ್ನು ಮುಂದಿಟ್ಟುಕೊಂಡು ಒಂದು ಕಾನೂನು ಬಂತು. ಇವತ್ತಿಗೂ ಅದು ಜಾರಿಯಲ್ಲಿದೆ. ಆದರೆ ಆ ಕಾನೂನಿನ ಮುಖ್ಯ ಭಾಗದಲ್ಲಿ ಮುದುಕರು ಎಂಬ ಮಾತೇ ಇಲ್ಲ. ಅದು ಹೇಗಾಯಿತು ಎಂಬುದೇ ಈ ಕತೆ.

ಮನೆ ಇದೆ, ಕೈಯಲ್ಲಿ ಕಾಸಿಲ್ಲ

ನಾವು ಗ್ರಾಮ ಪಂಚಾಯಿತಿಗೆ ಮನೆ ಕಂದಾಯ ಕಟ್ಟುತ್ತೇವೆ. ಅದು ತಡವಾದರೂ ಊರಿನ ಸರ್ಕಾರಿ ಶಾಲೆ ಮುಚ್ಚುವುದಿಲ್ಲ. ಮೇಷ್ಟ್ರ ಸಂಬಳ ರಾಜ್ಯ ಸರ್ಕಾರದಿಂದ ಬರುತ್ತದೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಶಾಲೆ, ಗ್ರಂಥಾಲಯ, ಅಗ್ನಿಶಾಮಕ ದಳ, ಪೊಲೀಸ್ ಎಲ್ಲದರ ಖರ್ಚಿನ ದೊಡ್ಡ ಪಾಲು ಸ್ಥಳೀಯ ಆಸ್ತಿ ತೆರಿಗೆಯಿಂದಲೇ ಬರುತ್ತಿತ್ತು. ಹಾಗಾಗಿ ಆ ತೆರಿಗೆ ನಮ್ಮ ಮನೆ ಕಂದಾಯದಂತೆ ಸಣ್ಣ ಮೊತ್ತವಲ್ಲ. ವರ್ಷಕ್ಕೆ ಒಂದೆರಡು ತಿಂಗಳ ಪಿಂಚಣಿಯನ್ನೇ ತಿಂದುಹಾಕುವಷ್ಟು ದೊಡ್ಡದು.

ಲೆಕ್ಕ ಸರಳ. ಮನೆಯ ಬೆಲೆ ಎಷ್ಟು ಎಂದು ಅಧಿಕಾರಿ ಗುರುತಿಸುತ್ತಾನೆ. ಅದರ ಮೇಲೆ ಇಷ್ಟು ಶೇಕಡಾ ಎಂದು ತೆರಿಗೆ ಹಾಕುತ್ತಾರೆ. ಬೆಲೆ ಏರಿದರೆ ತೆರಿಗೆಯೂ ಏರುತ್ತದೆ.

ತೊಂದರೆ ಇರುವುದು ಇಲ್ಲೇ. ಹೆದ್ದಾರಿ ಪಕ್ಕ ಒಂದೆಕರೆ ಹೊಲ ಇರುವ ರೈತನನ್ನು ನೆನಪು ಮಾಡಿಕೊಳ್ಳಿ. ಕಾಗದದ ಮೇಲೆ ಆತ ಕೋಟ್ಯಧಿಪತಿ. ಆದರೆ ಮೊಮ್ಮಗಳ ಕಾಲೇಜು ಫೀಸಿಗೆ ಸಾಲ ಕೇಳುತ್ತಿರುತ್ತಾನೆ. ಹೊಲ ಮಾರಿದರೆ ಮಾತ್ರ ಆ ಬೆಲೆ ದುಡ್ಡಾಗುತ್ತದೆ. ಮಾರಿದರೆ ಹೊಲ ಇರುವುದಿಲ್ಲ. ಕ್ಯಾಲಿಫೋರ್ನಿಯಾದ ಹಿರಿಯರದ್ದೂ ಇದೇ ಪರಿಸ್ಥಿತಿ. ದುಡಿಯುವ ಕಾಲದಲ್ಲಿ ಸಾಲ ಮಾಡಿ ಕಟ್ಟಿದ ಮನೆ. ಸಾಲ ತೀರಿದೆ, ಸಂಪಾದನೆ ನಿಂತಿದೆ. ಊರು ಬೆಳೆದು ಮನೆಯ ಬೆಲೆ ಆಕಾಶಕ್ಕೇರಿದೆ. ತೆರಿಗೆ ಚೀಟಿ ಬಂದಾಗ ಕಟ್ಟಲು ಕಾಸಿಲ್ಲ.

ಲಂಚ ನಿಂತಾಗ ತೆರಿಗೆ ಏರಿತು

ಈ ಕಷ್ಟ ಒಂದೇ ದಿನದಲ್ಲಿ ಬಂದದ್ದಲ್ಲ. ಅದರ ಹಿಂದೆ ಒಂದು ವಿಚಿತ್ರ ಸಂಗತಿ ಇದೆ.

ಕ್ಯಾಲಿಫೋರ್ನಿಯಾದಲ್ಲಿ ಆಸ್ತಿಯ ಬೆಲೆ ಗುರುತಿಸುವ ಅಧಿಕಾರಿಯನ್ನು ಜನರೇ ಮತ ಹಾಕಿ ಆರಿಸುತ್ತಾರೆ. ಮತ ಬೇಕು ಅಂದಮೇಲೆ ಮನೆಗಳ ಬೆಲೆಯನ್ನು ಕಡಿಮೆ ಬರೆಯುವುದು ಅನೇಕ ಕಡೆ ರೂಢಿಯಾಗಿತ್ತು. ಕಾನೂನಿನಲ್ಲಿ ಹಾಗೆ ಇರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ರಸೆಲ್ ವೋಲ್ಡನ್ ಎಂಬ ಅಧಿಕಾರಿ ಬಹಳ ವರ್ಷ ಈ ಹುದ್ದೆಯಲ್ಲಿದ್ದರು. ವ್ಯಾಪಾರಿ ಕಂಪನಿಗಳ ತೆರಿಗೆ ಇಳಿಸಲು ಲಂಚ ಪಡೆದ ಪ್ರಕರಣ 1965ರಲ್ಲಿ ಬಯಲಾಯಿತು. 1966ರಲ್ಲಿ ಅಪರಾಧ ಸಾಬೀತಾಯಿತು.

ಜನ ಸಿಟ್ಟಾದರು. ಅದೇ ವರ್ಷ ರಾಜ್ಯ ಶಾಸಕರು ಹೊಸ ಕಾನೂನು ತಂದರು. ಇನ್ನು ಮುಂದೆ ಮನೆಯಿರಲಿ, ಅಂಗಡಿಯಿರಲಿ, ಕಾರ್ಖಾನೆಯಿರಲಿ, ಮಾರುಕಟ್ಟೆ ಬೆಲೆಯ ಶೇ 25ರ ಮೇಲೆ ಒಂದೇ ಲೆಕ್ಕದಲ್ಲಿ ತೆರಿಗೆ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಇಷ್ಟು ದಿನ ಕಡಿಮೆ ಬೆಲೆ ಬರೆಸಿಕೊಂಡಿದ್ದ ಮನೆಗಳ ತೆರಿಗೆ ಇದರಿಂದ ಏರಿತು, ಹೆಚ್ಚು ಕಟ್ಟುತ್ತಿದ್ದ ಅನೇಕ ವ್ಯಾಪಾರಗಳ ತೆರಿಗೆ ಇಳಿಯಿತು. ಲಂಚಕೋರ ಅಧಿಕಾರಿಯನ್ನೇ ವಾಪಸ್ ತನ್ನಿ ಎಂದು ಬರೆದ ಚೀಟಿಗಳನ್ನು ಕೆಲವರು ಕಾರಿಗೆ ಅಂಟಿಸಿಕೊಂಡು ಓಡಾಡಿದರು.

ಹಳೆಯ ಪದ್ಧತಿ ಕೆಟ್ಟದ್ದು ನಿಜ. ಆದರೆ ಬಡವರಿಗೆ, ಹಿರಿಯರಿಗೆ ಅದು ಕದ್ದುಮುಚ್ಚಿ ಒಂದು ರಕ್ಷಣೆ ಕೊಟ್ಟಿತ್ತು. ಅದನ್ನು ಕಿತ್ತುಹಾಕಿದವರು ಅದರ ಜಾಗದಲ್ಲಿ ಬಹಿರಂಗವಾದ, ಕಾನೂನುಬದ್ಧವಾದ ಗಟ್ಟಿ ರಕ್ಷಣೆ ಇಡಲಿಲ್ಲ.

ಬೇರೆ ರಾಜ್ಯಗಳು ಹುಡುಕಿದ ದಾರಿ

ದಾರಿ ಇರಲಿಲ್ಲ ಎನ್ನುವಂತಿಲ್ಲ. ಬೇರೆ ರಾಜ್ಯಗಳು ಆಗಲೇ ಎರಡು ದಾರಿ ತೋರಿಸಿದ್ದವು.

ಒಂದನೆಯದು ಆರೆಗನ್ ರಾಜ್ಯ 1963ರಲ್ಲಿ ತಂದದ್ದು. ಹಿರಿಯರು ಈಗ ತೆರಿಗೆ ಕಟ್ಟಬೇಕಿಲ್ಲ. ಅವರ ಪರವಾಗಿ ರಾಜ್ಯವೇ ಕಟ್ಟುತ್ತದೆ. ಆ ಮೊತ್ತ ಬಡ್ಡಿ ಸಮೇತ ಮನೆಯ ಮೇಲೆ ಸಾಲವಾಗಿ ನಿಲ್ಲುತ್ತದೆ. ಮನೆ ಮಾರಿದಾಗಲೋ, ಅವರು ತೀರಿಕೊಂಡ ಮೇಲೋ ವಸೂಲಿ. ಬದುಕಿರುವ ತನಕ ಮನೆ ಬಿಟ್ಟು ಹೋಗುವ ಭಯವಿಲ್ಲ. ಸರ್ಕಾರಕ್ಕೂ ನಷ್ಟವಿಲ್ಲ.

ಎರಡನೆಯದು ವಿಸ್ಕಾನ್ಸಿನ್ ರಾಜ್ಯ 1964ರಲ್ಲಿ ಶುರು ಮಾಡಿದ್ದು. ಇಂಥ ಯೋಜನೆಗೆ 'ಸರ್ಕ್ಯೂಟ್ ಬ್ರೇಕರ್' ಎಂಬ ಹೆಸರು ಬಂತು. ಲೋಡ್ ಜಾಸ್ತಿಯಾದರೆ ಪಂಪ್‌ಸೆಟ್ಟಿನ ಸ್ಟಾರ್ಟರ್ ಟ್ರಿಪ್ ಆಗುತ್ತದಲ್ಲ, ಮೋಟರ್ ಸುಡದೆ ಉಳಿಯುತ್ತದಲ್ಲ, ಹಾಗೆ. ಕಡಿಮೆ ಆದಾಯದ ಹಿರಿಯರ ತೆರಿಗೆ ಅವರ ಆದಾಯಕ್ಕೆ ಹೋಲಿಸಿದರೆ ಅತಿಯಾಯಿತು ಅನ್ನಿ. ಆಗ ಆ ಹೆಚ್ಚಿನ ಭಾರದಲ್ಲಿ ಒಂದು ಪಾಲನ್ನು ರಾಜ್ಯ ವಾಪಸ್ ಕೊಡುತ್ತದೆ. ಸ್ಥಳೀಯ ಶಾಲೆಯ ಆದಾಯ ಹಾಗೇ ಉಳಿಯುತ್ತದೆ. ಬಾಡಿಗೆ ಮನೆಯಲ್ಲಿರುವ ಹಿರಿಯರಿಗೂ ಇದು ಸಿಗುತ್ತಿತ್ತು. ಮಾಲೀಕ ತನ್ನ ತೆರಿಗೆಯನ್ನು ಬಾಡಿಗೆಯಲ್ಲೇ ಸೇರಿಸಿ ವಸೂಲಿ ಮಾಡುತ್ತಾನೆ ಎಂಬುದು ಅದರ ಹಿಂದಿನ ತರ್ಕ. 1973ರಲ್ಲಿ ಮಿಚಿಗನ್ ರಾಜ್ಯ ಇಂಥದ್ದೇ ಯೋಜನೆಯನ್ನು ಎಲ್ಲ ವಯಸ್ಸಿನವರಿಗೂ ತಂದಿತು.

ಎರಡೂ ದಾರಿಗಳು ಕೇಳುವ ಪ್ರಶ್ನೆ ಒಂದೇ: ಕಷ್ಟದಲ್ಲಿ ಇರುವವರು ಯಾರು?

ಕ್ಯಾಲಿಫೋರ್ನಿಯಾ ಕೂಡ ಸುಮ್ಮನೆ ಕೂತಿರಲಿಲ್ಲ. 1967ರಲ್ಲಿ ಬಡ ಹಿರಿಯರಿಗೆ ತೆರಿಗೆ ನೆರವಿನ ಕಾನೂನು ತಂದಿತು. 1977ರಲ್ಲಿ ಆರೆಗನ್ ಮಾದರಿಯಲ್ಲಿ ತೆರಿಗೆ ಮುಂದೂಡುವ ಕಾನೂನೂ ಬಂತು. ಆದರೆ ನೆರವು ಸಣ್ಣದಾಗಿತ್ತು. ಮುಂದೂಡುವ ಯೋಜನೆ ಬರುವಷ್ಟರಲ್ಲಿ ಜನರ ತಾಳ್ಮೆ ಮುಗಿದಿತ್ತು. ಆ ಹೊತ್ತಿಗೆ ಬೆಲೆಯೇರಿಕೆ ಜೋರಾಗಿತ್ತು. ಲಾಸ್ ಏಂಜಲೀಸ್ ಕಡೆ ಮನೆಗಳ ಬೆಲೆಯನ್ನು ಪ್ರತಿ ವರ್ಷ ಅಲ್ಲ, ಸರದಿ ಪ್ರಕಾರ ಕೆಲವು ವರ್ಷಕ್ಕೊಮ್ಮೆ ಗುರುತಿಸುತ್ತಿದ್ದರು. ಹಾಗಾಗಿ ಏರಿಕೆ ಮೆಲ್ಲಗೆ ಬರುತ್ತಿರಲಿಲ್ಲ, ಒಮ್ಮೆಗೇ ತಲೆ ಮೇಲೆ ಬೀಳುತ್ತಿತ್ತು.

ಇದೇ ಸಮಯದಲ್ಲಿ ರಾಜ್ಯದ ಖಜಾನೆಯಲ್ಲಿ ನೂರಾರು ಕೋಟಿ ಡಾಲರ್ ಖರ್ಚಾಗದೆ ಉಳಿದಿತ್ತು. ದುಡ್ಡು ಇತ್ತು, ಮಾದರಿ ಇತ್ತು, ಕಷ್ಟ ಕಣ್ಣೆದುರೇ ಇತ್ತು. ಆದರೂ ದೊಡ್ಡ ಪರಿಹಾರದ ಮಸೂದೆಗೆ 1977ರಲ್ಲಿ ಶಾಸಕರ ನಡುವೆ ಒಮ್ಮತ ಮೂಡಲಿಲ್ಲ. ಅಧಿವೇಶನ ಹಾಗೇ ಮುಗಿಯಿತು.

ಜಾರ್ವಿಸ್ ಬಂದರು

ಆ ರಾಜ್ಯದಲ್ಲಿ ಸಾಕಷ್ಟು ಜನರ ಸಹಿ ಸಂಗ್ರಹಿಸಿದರೆ ಒಂದು ಪ್ರಸ್ತಾವವನ್ನು ನೇರವಾಗಿ ಜನರ ಮತಕ್ಕೆ ಇಡಬಹುದು. ಗೆದ್ದರೆ ಅದು ಕಾನೂನಾಗುತ್ತದೆ. ಹೊವಾರ್ಡ್ ಜಾರ್ವಿಸ್ ಮತ್ತು ಪಾಲ್ ಗ್ಯಾನ್ ಎಂಬ ಇಬ್ಬರು ಇದನ್ನೇ ಬಳಸಿಕೊಂಡರು. 12 ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಪ್ರಸ್ತಾವಕ್ಕೆ 'ಪ್ರೊಪೊಸಿಷನ್ 13' ಎಂಬ ಸಂಖ್ಯೆ ಸಿಕ್ಕಿತು.

ಜಾರ್ವಿಸ್‌ಗೆ ಆಗ 74 ವರ್ಷ. ಮಾತಿನ ಮಲ್ಲ. ತೆರಿಗೆಗೆ ಹೆದರಿ ಮನೆ ಕಳೆದುಕೊಳ್ಳುವ ಹಿರಿಯರ ಸಂಕಟ ಪ್ರಚಾರದ ತುಂಬ ಕೇಳಿಬಂತು. ಜಾರ್ವಿಸ್ ಲಾಸ್ ಏಂಜಲೀಸ್‌ನ ಬಾಡಿಗೆ ಕಟ್ಟಡ ಮಾಲೀಕರ ಸಂಘದ ಕೆಲಸದಲ್ಲೂ ಇದ್ದರು ಎಂಬುದನ್ನು ಇಲ್ಲಿ ನೆನಪಿಡಬೇಕು.

ಶಾಸಕರು ಗಾಬರಿಯಿಂದ ಇನ್ನೊಂದು ಪ್ರಸ್ತಾವ ಮುಂದಿಟ್ಟರು. ಅದರಲ್ಲಿ ವಾಸದ ಮನೆಗಳಿಗೆ ಮಾತ್ರ ಸುಮಾರು ಶೇ 30 ಕಡಿತ. ಕಂಪನಿಗಳಿಗೆ ಇಲ್ಲ. ಆದರೆ ಕಾಲ ಮೀರಿತ್ತು. 1978ರ ಜೂನ್ 6ರಂದು ನಡೆದ ಮತದಾನದಲ್ಲಿ ಶಾಸಕರ ಪ್ರಸ್ತಾವ ಸೋತಿತು. ಪ್ರೊಪೊಸಿಷನ್ 13 ಸುಮಾರು ಶೇ 65 ಮತ ಪಡೆದು ಗೆದ್ದಿತು.

ಅದರ ನಿಯಮ ಹೀಗಿದೆ. ತೆರಿಗೆ ಆಸ್ತಿ ಬೆಲೆಯ ಶೇ 1ನ್ನು ದಾಟುವಂತಿಲ್ಲ. ಬೆಲೆಯನ್ನು 1975ರ ಮಟ್ಟಕ್ಕೆ ಇಳಿಸಬೇಕು. ಆಮೇಲೆ ವರ್ಷಕ್ಕೆ ಹೆಚ್ಚೆಂದರೆ ಶೇ 2 ಮಾತ್ರ ಏರಿಸಬಹುದು. ಆಸ್ತಿ ಕೈ ಬದಲಾದಾಗ ಅಥವಾ ಹೊಸದಾಗಿ ಕಟ್ಟಿದಾಗ ಮಾತ್ರ ಹೊಸ ಬೆಲೆ ಬರೆಯಬಹುದು.

ಇದರಲ್ಲಿ ವಯಸ್ಸಿನ ಮಾತಿಲ್ಲ. ಆದಾಯದ ಮಾತಿಲ್ಲ. ವಾಸದ ಮನೆಯೋ ತೈಲ ಕಂಪನಿಯ ಜಮೀನೋ ಎಂಬ ಭೇದವೂ ಇಲ್ಲ.

ಯಾರಿಗೆ ಏನು ಸಿಕ್ಕಿತು

ಹಿರಿಯರಿಗೆ ಲಾಭ ಆಗಲಿಲ್ಲವೇ? ಆಯಿತು. ಸ್ವಂತ ಮನೆ ಇದ್ದ ಹಿರಿಯರು ನಿಟ್ಟುಸಿರು ಬಿಟ್ಟರು. ಮುಂದಿನ ವರ್ಷ ತೆರಿಗೆ ಎಷ್ಟು ಎಂದು ಅವರೇ ಬೆರಳಲ್ಲಿ ಲೆಕ್ಕ ಹಾಕಬಹುದಾಗಿತ್ತು. ವಯಸ್ಸಾದವರಿಗೆ ಈ ಭರವಸೆ ಸಣ್ಣದಲ್ಲ. ಈ ಕಾನೂನು ಇಂದಿಗೂ ಜನಪ್ರಿಯವಾಗಿರುವುದು ಇದೇ ಕಾರಣಕ್ಕೆ.

ಆದರೆ ಅಜ್ಜಿಗೆ ಸಿಕ್ಕ ಅದೇ ರಿಯಾಯಿತಿ ಗಗನಚುಂಬಿ ಕಟ್ಟಡದ ಒಡೆಯನಿಗೂ ಸಿಕ್ಕಿತು. ಅಜ್ಜಿ ಒಂದು ದಿನ ತೀರಿಕೊಳ್ಳುತ್ತಾಳೆ, ಮನೆ ಕೈ ಬದಲಾಗುತ್ತದೆ. ಕಂಪನಿಗೆ ಸಾವಿಲ್ಲ. ಷೇರುಗಳು ಸ್ವಲ್ಪ ಸ್ವಲ್ಪವಾಗಿ ಕೈ ಬದಲಾದರೂ ಆಸ್ತಿಯ ಹಳೇ ಬೆಲೆಯೇ ಉಳಿಯುತ್ತದೆ.

ಬಾಡಿಗೆ ಮನೆಯ ಹಿರಿಯರಿಗೆ ನೇರವಾಗಿ ಏನೂ ಸಿಗಲಿಲ್ಲ. ತೆರಿಗೆ ಇಳಿದರೆ ಬಾಡಿಗೆಯೂ ಇಳಿಯುತ್ತದೆ ಎಂಬ ನಿರೀಕ್ಷೆ ಹುಟ್ಟಿಸಿದ್ದರು. ಬಹಳ ಕಡೆ ಇಳಿಯಲಿಲ್ಲ. ಆ ಸಿಟ್ಟಿನಲ್ಲೇ ಸಾಂತಾ ಮೋನಿಕಾ ನಗರದ ಜನ 1979ರಲ್ಲಿ ಬಾಡಿಗೆ ನಿಯಂತ್ರಣಕ್ಕೆ ಮತ ಹಾಕಿದರು.

ಸ್ಥಳೀಯ ಸಂಸ್ಥೆಗಳ ಆಸ್ತಿ ತೆರಿಗೆ ಆದಾಯ ಒಂದೇ ಏಟಿಗೆ ಅರ್ಧಕ್ಕಿಂತ ಕೆಳಗೆ ಬಿತ್ತು. ಬೇಸಿಗೆ ಶಾಲೆಗಳು ನಿಂತವು. ಗ್ರಂಥಾಲಯಗಳ ಸಮಯ ಕಡಿತವಾಯಿತು. ಉಳಿತಾಯದ ದುಡ್ಡು ಕೊಟ್ಟು ರಾಜ್ಯ ಸರ್ಕಾರ ಅವುಗಳ ಕೈ ಹಿಡಿಯಿತು. ದುಡ್ಡಿನ ಜೊತೆಗೆ ಅಧಿಕಾರವೂ ಊರಿನಿಂದ ರಾಜಧಾನಿಗೆ ಹೋಯಿತು.

ಒಂದೇ ಬೀದಿ, ಎರಡು ತೆರಿಗೆ

ಸ್ಟೆಫನಿ ನಾರ್ಡ್‌ಲಿಂಗರ್ ಎಂಬ ಮಹಿಳೆ 1988ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಸಾಧಾರಣ ಮನೆಯೊಂದನ್ನು 1,70,000 ಡಾಲರಿಗೆ ಕೊಂಡರು. ತೆರಿಗೆ ಸುಮಾರು 1,700 ಡಾಲರ್ ಬಂತು. ಅಂಥದ್ದೇ ಮನೆಯಲ್ಲಿ 1975ರಿಂದ ಇದ್ದ ಕೆಲವು ನೆರೆಯವರ ತೆರಿಗೆಯ ಸುಮಾರು ಐದು ಪಟ್ಟು ಅದು. ಅವರು ಸುಪ್ರೀಂ ಕೋರ್ಟಿನ ತನಕ ಹೋದರು. 1992ರಲ್ಲಿ ತೀರ್ಪು ಬಂತು. ಎಂಟು ನ್ಯಾಯಮೂರ್ತಿಗಳು ಕಾನೂನಿನ ಪರ, ಒಬ್ಬರು ವಿರುದ್ಧ. ಹಳಬರು ಈ ತೆರಿಗೆಯನ್ನು ನಂಬಿಕೊಂಡು ಬದುಕು ಕಟ್ಟಿದ್ದಾರೆ, ಹೊಸಬರು ಲೆಕ್ಕ ತಿಳಿದೇ ಕೊಳ್ಳುತ್ತಾರೆ ಎಂಬುದು ನ್ಯಾಯಾಲಯದ ವಾದದ ಸಾರ. ಸಾಫ್ಟ್‌ವೇರ್ ಕೆಲಸಕ್ಕೆಂದು ಕರ್ನಾಟಕದಿಂದ ಹೋಗಿ ಸನಿವೇಲ್, ಫ್ರೀಮಾಂಟ್ ಕಡೆ ಮನೆ ಕೊಂಡವರಿಗೂ ಇದೇ ಲೆಕ್ಕ. ಪಕ್ಕದ ಮನೆಯ ಹಳಬರಿಗಿಂತ ಅವರ ತೆರಿಗೆ ಎಷ್ಟೋ ಪಟ್ಟು ಜಾಸ್ತಿ ಇರಬಹುದು.

ಹಿರಿಯರಿಗೂ ಹೊಸ ತೊಡಕು ಶುರುವಾಯಿತು. ಮಕ್ಕಳು ದೂರ ಹೋಗಿದ್ದಾರೆ, ಮಹಡಿ ಹತ್ತಲು ಮಂಡಿ ಬಿಡುವುದಿಲ್ಲ, ಸಣ್ಣ ಮನೆ ಸಾಕು. ಆದರೆ ಹಳೇ ಮನೆ ಬಿಟ್ಟರೆ ಹಳೇ ತೆರಿಗೆಯೂ ಹೋಗುತ್ತದೆ. 1986ರ ತಿದ್ದುಪಡಿಯಿಂದ 55 ದಾಟಿದವರು ಅದೇ ಜಿಲ್ಲೆಯೊಳಗೆ ಸಮಾನ ಅಥವಾ ಕಡಿಮೆ ಬೆಲೆಯ ಮನೆಗೆ ಹೋದರೆ ಹಳೇ ಲೆಕ್ಕವನ್ನು ಜೊತೆಗೆ ಒಯ್ಯಲು ಅವಕಾಶವಾಯಿತು. 2020ರಲ್ಲಿ ಅದನ್ನು ಇಡೀ ರಾಜ್ಯಕ್ಕೆ ವಿಸ್ತರಿಸಿದರು. ದೊಡ್ಡ ವಾಣಿಜ್ಯ ಆಸ್ತಿಗಳಿಗೆ ಮಾರುಕಟ್ಟೆ ಬೆಲೆಯ ಮೇಲೆ ತೆರಿಗೆ ಹಾಕುವ ಪ್ರಸ್ತಾವ ಅದೇ ವರ್ಷ ಮತಕ್ಕೆ ಬಂದು, ಸ್ವಲ್ಪದರಲ್ಲಿ ಸೋತಿತು.

ಮೊದಲು ಕತ್ತರಿ ಬಿದ್ದದ್ದು ಯಾವುದಕ್ಕೆ

ಈ ಕತೆಯ ಕೊನೆಯ ಭಾಗ ಗಮನಿಸಿ. ಬಡ ಹಿರಿಯರಿಗೆಂದೇ 1967ರಲ್ಲಿ ಬಂದಿದ್ದ ನೆರವಿನ ಹಣವನ್ನು 2008ರಲ್ಲಿ ನಿಲ್ಲಿಸಿದರು. ತೆರಿಗೆ ಮುಂದೂಡುವ ಯೋಜನೆಯನ್ನು 2009ರ ಫೆಬ್ರವರಿಯಲ್ಲಿ ತಡೆಹಿಡಿದರು. ರಾಜ್ಯದ ಬೊಕ್ಕಸ ಖಾಲಿ ಎಂಬುದು ಕಾರಣ. ಮುಂದೂಡುವ ಯೋಜನೆ ಮತ್ತೆ ಶುರುವಾಗಿ ಹೊಸ ಅರ್ಜಿ ತೆಗೆದುಕೊಂಡದ್ದು 2016ರಲ್ಲಿ. ಪ್ರೊಪೊಸಿಷನ್ 13 ಮಾತ್ರ ರಾಜ್ಯದ ಸಂವಿಧಾನದಲ್ಲೇ ಕೂತಿರುವುದರಿಂದ ಆ ಬರಗಾಲದಲ್ಲೂ ಅದಕ್ಕೆ ಏನೂ ಆಗಲಿಲ್ಲ.

ಅಂದರೆ ನಿಜವಾಗಿ ಅಜ್ಜಿಯ ಹೆಸರು ಬರೆದಿದ್ದ ಯೋಜನೆಗಳಿಗೆ ಮೊದಲು ಕತ್ತರಿ ಬಿತ್ತು. ಅಜ್ಜಿಯನ್ನು ತೋರಿಸಿ ಎಲ್ಲರಿಗೂ ಹಂಚಿದ ರಿಯಾಯಿತಿ ಭದ್ರವಾಗಿ ಉಳಿಯಿತು. ಕಂಪನಿಗಳೂ ದೊಡ್ಡ ಮಾಲೀಕರೂ ಅದರ ಫಲಾನುಭವಿಗಳಾದ್ದರಿಂದ ಅದನ್ನು ಕಾಯುವವರು ಬಹಳ. ಸಣ್ಣ ಬಾಡಿಗೆ ಮನೆಯ ಮುದುಕಿಯ ನೆರವು ನಿಂತರೆ ಕೇಳುವವರು ಕಡಿಮೆ.

ಇದರಲ್ಲಿ ಜಾರ್ವಿಸ್ ಒಬ್ಬರನ್ನೇ ಬೈದು ಪ್ರಯೋಜನವಿಲ್ಲ. ಆರೆಗನ್ ಮತ್ತು ವಿಸ್ಕಾನ್ಸಿನ್ ಮಾದರಿ ಕಣ್ಣೆದುರಿಗಿದ್ದ ಸುಮಾರು 14 ವರ್ಷ, ಕೈಯಲ್ಲಿ ದುಡ್ಡಿದ್ದೂ, ಸಾಕಾಗುವಷ್ಟು ಮಾಡದೇ ಹೋದವರ ಪಾಲೂ ಇದೆ. ನೊಂದವರಿಗೆ ಸಮಯಕ್ಕೆ ಸರಿಯಾಗಿ ಅಳತೆಯ ಔಷಧಿ ಕೊಡದಿದ್ದರೆ, ಯಾರು ಏನು ಕೊಟ್ಟರೂ ಅವರು ಕುಡಿಯುತ್ತಾರೆ.

ನಮ್ಮ ಕಡೆಯೂ ತೆರಿಗೆ, ಸಾಲ, ಬಡ್ಡಿಯ ರಿಯಾಯಿತಿಗಳು ವೃದ್ಧರ, ವಿಧವೆಯರ, ಸಣ್ಣ ರೈತರ ಹೆಸರಲ್ಲಿ ಘೋಷಣೆಯಾಗುತ್ತವೆ. ಮುಂದಿನ ಸಲ ಅಂಥದ್ದು ಕೇಳಿದಾಗ ಭಾಷಣವನ್ನು ಪಕ್ಕಕ್ಕಿಟ್ಟು ಆದೇಶದ ಪ್ರತಿ ಕೇಳಿ. ಅದರಲ್ಲಿ ವಯಸ್ಸು, ಆದಾಯ, ವಾಸದ ಮನೆ ಎಂಬ ಮಾತುಗಳು ಇವೆಯೇ ನೋಡಿ. ಬಾಡಿಗೆ ಮನೆಯವರ ಪ್ರಸ್ತಾಪ ಇದೆಯೇ ನೋಡಿ. ರಿಯಾಯಿತಿಯಿಂದ ಕಡಿಮೆಯಾಗುವ ಹಣವನ್ನು ಪಂಚಾಯಿತಿಗೆ ಯಾರು ತುಂಬಿಕೊಡುತ್ತಾರೆ ಎಂದು ಗ್ರಾಮ ಸಭೆಯಲ್ಲಿ ಎದ್ದು ಕೇಳಿ. ಉತ್ತರವನ್ನು ನಡಾವಳಿಯಲ್ಲಿ ಬರೆಸಿ.