ಪಿಸ್ತೂಲಿನ ಮೈಮೇಲಿನ ಗೀರು

ಆಯುಧಪೂಜೆಯ ದಿನ ನಮ್ಮ ಬಳಗದ ಸದಸ್ಯರು ಮೇಜಿನ ಮೇಲೆ ತಂದಿಡುವ ವಸ್ತುಗಳನ್ನು ನೋಡಿದವರಿಗೆ ಹೊಸದಾಗಿ ವರ್ಣಿಸಬೇಕಾಗಿಲ್ಲ. ಅಡುಗೆಮನೆಯ ಈಳಿಗೆಮಣೆ, ಮಕ್ಕಳ ಸೈಕಲ್ಲು, ಎರಡು ಮೂರು ಲ್ಯಾಪ್‌ಟಾಪು, ವೈದ್ಯರೊಬ್ಬರ ಸ್ಟೆತೊಸ್ಕೋಪು, ಕಾರಿನ ಬೀಗದಕೈ. ಕಳೆದ ಸಲ ಇವುಗಳ ನಡುವೆ ಒಂದು ನಿಜವಾದ ಆಯುಧವೂ ಇತ್ತು. ಇಲ್ಲಿ ಮೂವತ್ತು ವರ್ಷಗಳಿಂದ ನೆಲೆಸಿರುವ ಹಿರಿಯರೊಬ್ಬರು, ಹರಾಜಿನಲ್ಲಿ ಕೊಂಡ ಹಳೆಯ ಚಕಮಕಿ ಪಿಸ್ತೂಲೊಂದನ್ನು ಹಳದಿ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಅಲಂಕಾರದ ವಸ್ತುವಾಗಿ ಇಟ್ಟುಕೊಳ್ಳುವುದಾದರೆ ಇಂಥ ಪುರಾತನ ಪಿಸ್ತೂಲಿಗೆ ಬ್ರಿಟನ್ನಿನ ಕಾನೂನು ಪರವಾನಗಿ ಕೇಳುವುದಿಲ್ಲ. ಆ ಬಗ್ಗೆ ಯಾರಿಗೂ ಆತಂಕ ಬೇಡ.

ಮಾರಿದವರು ಅವರಿಗೆ ಒಂದು ಕಥೆಯನ್ನೂ ಹೇಳಿದ್ದರು: ಇದು 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯನ್ನು ಹೊಕ್ಕ ಕಂಪನಿ ಸರಕಾರದ ಅಧಿಕಾರಿಯೊಬ್ಬನ ಸೊಂಟದಲ್ಲಿದ್ದ ಪಿಸ್ತೂಲು. ಮಂಡ್ಯದ ಕಡೆಯವರಾದ ನಮ್ಮ ಹಿರಿಯರಿಗೆ ಅಷ್ಟು ಸಾಕಾಯಿತು. ಆದರೆ ಅವರ ಮನಸ್ಸಿಗೆ ಒಂದು ಕಸಿವಿಸಿಯಿತ್ತು. ಕಂದು ಬಣ್ಣಕ್ಕೆ ತಿರುಗಿದ ನಳಿಗೆಯ ಮೇಲೆ ಅಲ್ಲಲ್ಲಿ ತರಚುಗಳು. ಚಕಮಕಿ ಕಲ್ಲು ಹಿಡಿಯುವ ಕುದುರೆಯನ್ನು ಕೂರಿಸಿದ ಪಕ್ಕದ ಉಕ್ಕಿನ ಪಟ್ಟಿಯ ಮೇಲೆ ಉಗುರುದ್ದದ ಒಂದು ಗೀರು. ಕೋವಿಯ ಸಾಮಾನು ಮಾರುವ ಅಂಗಡಿಯಿಂದ ಒಂದು ಸಣ್ಣ ಸೀಸೆಯಲ್ಲಿ ದ್ರವವನ್ನೂ ತರಿಸಿಕೊಂಡಿದ್ದರು. ಹತ್ತಿಯಲ್ಲಿ ಅದ್ದಿ ಒರೆಸಿದರೆ ಬಿಳಿದಾದ ಜಾಗ ನಿಮಿಷದೊಳಗೆ ನೀಲಿಗಪ್ಪಾಗುತ್ತದೆ. “ಮೊದಲು ಉಪ್ಪುಕಾಗದದಲ್ಲಿ ಗೀರನ್ನು ತಿಕ್ಕಿ, ಆಮೇಲೆ ಇದನ್ನು ಹಚ್ಚಿದರೆ ಹೊಸದರ ಹಾಗಾಗುತ್ತದಲ್ಲವೇ?” ಎಂದು ಅವರು ಕೇಳಿದರು. ಹಳೆಯ ಲೋಹದ ವಸ್ತುಗಳ ಬಗ್ಗೆ ಒಂದಿಷ್ಟು ಓದಿಕೊಂಡವನೆಂಬ ಕಾರಣಕ್ಕೆ ಪ್ರಶ್ನೆ ನನ್ನ ಪಾಲಿಗೆ ಬಂತು. ಅಂದು ಅರ್ಧ ಹೇಳಿದ ಉತ್ತರವನ್ನು ಇಲ್ಲಿ ಪೂರ್ತಿ ಮಾಡುತ್ತಿದ್ದೇನೆ.

ಆ ಪಿಸ್ತೂಲು ಎಂದೂ ನೀಲಿಯಾಗಿರಲಿಲ್ಲ ಎಂಬುದು ಮೊದಲನೆಯ ತೊಡಕು. ಹದಿನೆಂಟನೆಯ ಶತಮಾನದ ಬ್ರಿಟಿಷ್ ಸೈನಿಕ ಕೋವಿ ಪಿಸ್ತೂಲುಗಳ ನಳಿಗೆಗಳು ಸಾಮಾನ್ಯವಾಗಿ ಬೆಳ್ಳಿಯಂತೆ ಬೆಳ್ಳಗೆ ಹೊಳೆಯುತ್ತಿದ್ದವು. ಸಿಪಾಯಿಯಾದವನು ಇಟ್ಟಿಗೆಯ ಪುಡಿ, ಎಣ್ಣೆ ಹಾಕಿ ಉಜ್ಜಿ ಉಜ್ಜಿ ಆ ಹೊಳಪನ್ನು ಕಾಯಬೇಕಿತ್ತು. ಹೀಗೆ ಉಜ್ಜಿದ್ದರಿಂದ ಕಬ್ಬಿಣ ಸವೆಯುತ್ತಿತ್ತು, ಗುರುತುಗಳು ಮಾಸುತ್ತಿದ್ದವು, ಬಿಸಿಲಿಗೆ ಥಳಥಳಿಸುವ ನಳಿಗೆ ಶತ್ರುವಿಗೆ ದೂರದಿಂದಲೇ ಕಾಣುತ್ತಿತ್ತು. 1815ರ ಸುಮಾರಿಗೆ ಬ್ರಿಟಿಷ್ ಸೇನೆ ತನ್ನ ಕೋವಿಗಳ ನಳಿಗೆಗೆ ಕಂದು ಬಣ್ಣ ಕಟ್ಟಿಸಲು ತೀರ್ಮಾನಿಸಿದ್ದರ ಹಿಂದೆ ಇಂಥ ಅನುಭವವೇ ಇತ್ತು. ನಮ್ಮ ಹಿರಿಯರ ಪಿಸ್ತೂಲಿನ ಕಂದು ಮಾತ್ರ ಯಾವ ಕಮ್ಮಾರನೂ ಕಟ್ಟಿದ್ದಲ್ಲ. ಗಾಳಿ, ತೇವ, ಎಣ್ಣೆ, ಮನುಷ್ಯರ ಅಂಗೈಯ ಬೆವರು ಇನ್ನೂರು ವರ್ಷಗಳಲ್ಲಿ ಕೂಡಿ ಮಾಡಿದ್ದು. ಅದರ ಮೇಲೆ ನೀಲಿ ಹಚ್ಚಿದರೆ ಅದು ಹಳೆಯ ರೂಪಕ್ಕೂ ಮರಳುವುದಿಲ್ಲ, ಈಗಿನ ರೂಪದಲ್ಲೂ ಉಳಿಯುವುದಿಲ್ಲ.

ಉಕ್ಕಿಗೆ ಬಣ್ಣ ಕಟ್ಟುವ ವಿದ್ಯೆಯ ಚರಿತ್ರೆ ಸ್ವಾರಸ್ಯವಾದದ್ದು. ಗೋಡೆಗೆ ಸುಣ್ಣ ಬಳಿದಂತೆ ಹೊರಗಿನಿಂದ ಬಳಿಯುವ ಬಣ್ಣವಲ್ಲ ಅದು. ಉಕ್ಕಿನ ಮೈಯೇ ಬದಲಾಗಿ ಮೂಡುವ ತೆಳುಪೊರೆ. ಉಜ್ಜಿ ಹೊಳಪೇರಿಸಿದ ಉಕ್ಕನ್ನು ಇದ್ದಿಲಿನ ಕೆಂಡದಲ್ಲಿ ಹದವಾಗಿ ಕಾಯಿಸಿದರೆ ಮೊದಲು ಒಣಹುಲ್ಲಿನ ಬಣ್ಣ, ಬಳಿಕ ನೇರಳೆ, ಸುಮಾರು 300 ಡಿಗ್ರಿ ಸೆಲ್ಸಿಯಸ್ ತಲುಪುವಾಗ ನವಿಲುಕತ್ತಿನ ನೀಲಿ ಕಾಣಿಸಿಕೊಳ್ಳುತ್ತದೆ. ಶ್ರೀಮಂತರ ಪಿಸ್ತೂಲುಗಳಿಗೆ ಈ ನೀಲಿ, ಅದರ ಮೇಲೆ ಬಂಗಾರದ ಕುಸುರಿ. ಕಂದು ಕಟ್ಟುವ ಕ್ರಮ ಬೇರೆ. ಆಮ್ಲವೋ ಲವಣವೋ ಬೆರೆತ ದ್ರವವನ್ನು ಸವರಿ, ರಾತ್ರಿಯಿಡೀ ಬಿಟ್ಟು, ಬೇಕೆಂದೇ ತುಕ್ಕು ಹಿಡಿಸಿ, ಬೆಳಗ್ಗೆ ಸಡಿಲ ಪುಡಿಯನ್ನು ಕುಂಚದಿಂದ ತೆಗೆದು ಮತ್ತೆ ಸವರುವುದು. ಹೀಗೆ ಹಲವು ದಿನ. ಅದೇ ತುಕ್ಕಿನ ಪೊರೆಯನ್ನು ನೀರಲ್ಲಿ ಕುದಿಸಿದರೆ ಕೆಂಪು ಆಕ್ಸೈಡು ಕಪ್ಪು ಆಕ್ಸೈಡಾಗಿ ಮಾರ್ಪಟ್ಟು ನೀಲಿಗಪ್ಪು ಬರುತ್ತದೆ. ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟುಗಳ ಕುದಿಯುವ ತೊಟ್ಟಿಯಲ್ಲಿ ಮುಳುಗಿಸಿ ಅರ್ಧ ಗಂಟೆಯಲ್ಲಿ ಕೆಲಸ ಮುಗಿಸುವ ಪದ್ಧತಿ ಇಪ್ಪತ್ತನೆಯ ಶತಮಾನದ ಕಾರ್ಖಾನೆಗಳದ್ದು.

ಸೀಸೆಯ ದ್ರವ ಈ ಯಾವ ಕುಲಕ್ಕೂ ಸೇರದು. ಅದರಲ್ಲಿರುವುದು ಹೆಚ್ಚಾಗಿ ಸೆಲೆನಿಯಂ ಮತ್ತು ತಾಮ್ರದ ಸಂಯುಕ್ತಗಳು. ಉಕ್ಕನ್ನು ಮುಟ್ಟಿದೊಡನೆ ಅವು ಒಂದು ಕಪ್ಪು ಪೊರೆಯಾಗಿ ಮೇಲೆ ಕೂರುತ್ತವೆ. ಪೊರೆ ಬಲು ತೆಳು, ಬೇಗ ಸವೆಯುತ್ತದೆ, ಸುತ್ತಲಿನ ಹಳೆಯ ಬಣ್ಣಕ್ಕೆ ಹೊಂದುವುದು ಅಪರೂಪ. ನಿನ್ನೆ ಮೊನ್ನೆ ಕಾರ್ಖಾನೆಯಲ್ಲಿ ತಯಾರಾದ ಪಿಸ್ತೂಲು ಒರೆಯ ಬಾಯಿಗೆ ಉಜ್ಜಿ ಅಂಚಿನಲ್ಲಿ ಬೆಳ್ಳಗಾದರೆ, ಅಲ್ಲಿ ಒಂದು ಹನಿ ಹಚ್ಚುವುದರಲ್ಲಿ ದೋಷವೇನೂ ಇಲ್ಲ. ಆ ದ್ರವ ಇರುವುದೇ ಅದಕ್ಕೆ. ಹಳೆಯ ವಸ್ತುವಿಗೆ ಹಚ್ಚಿದರೆ ಅದು ಸುಳ್ಳುಸಾಕ್ಷಿ. ಕ್ಷ-ಕಿರಣದ ಪರೀಕ್ಷೆ ಮಾಡಿದರೆ ಕಬ್ಬಿಣದ ನಡುವೆ ಸೆಲೆನಿಯಂ ಕಾಣಿಸಿಕೊಂಡು ಕಳ್ಳತನ ಬಯಲಾಗುತ್ತದೆ.

ಇನ್ನು ಶ್ರೀರಂಗಪಟ್ಟಣದ ಕಥೆ. ನಾನು ಪಿಸ್ತೂಲನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ, ಅವರು ಉಜ್ಜಿ ತೆಗೆಯಬೇಕೆಂದಿದ್ದ ಗೀರಿನ ಬಗಲಲ್ಲೇ, ಕಂದಿನೊಳಗೆ ಹುದುಗಿದ್ದ ಒಂದು ಆಕೃತಿ ಮೆಲ್ಲಗೆ ಕಂಡಿತು: ಹಿಂಗಾಲ ಮೇಲೆ ನಿಂತು ಮುಂಗಾಲುಗಳಲ್ಲಿ ಕಿರೀಟ ಹಿಡಿದ ಸಿಂಹ. ಈಸ್ಟ್ ಇಂಡಿಯಾ ಕಂಪನಿಯ ಮುದ್ರೆ. ಕಂಪನಿಯ ಕೋವಿಗಳ ಮೇಲೆ ಮೊದಲು ಇರುತ್ತಿದ್ದುದು ಹೃದಯದಾಕಾರದೊಳಗೆ ಅಕ್ಷರಗಳನ್ನು ಜೋಡಿಸಿದ ವರ್ತಕರ ಗುರುತು. ಸಿಂಹ ಬಂದದ್ದು 1808ರ ಸುಮಾರಿಗೆ. ಅಂದರೆ ಟಿಪ್ಪು ಬಿದ್ದು ಒಂಬತ್ತು ವರ್ಷವಾದ ಮೇಲೆ. ಆ ಪಿಸ್ತೂಲು ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಕಂಡಿರಲಾರದು.

ಹಿರಿಯರ ಮುಖ ಸಣ್ಣದಾಯಿತು. ನನಗೂ ಪಿಚ್ಚೆನಿಸಿತು. ಆದರೆ ಯೋಚಿಸಿ: ಉಪ್ಪುಕಾಗದದ ಹತ್ತು ತಿಕ್ಕಿಗೆ ಆ ಸಿಂಹ ಮಾಯವಾಗುತ್ತಿತ್ತು. ಸಿಂಹವಿಲ್ಲದ, ಹೊಳೆಯುವ, ನೀಲಿ ಪಿಸ್ತೂಲೊಂದು ಅವರ ಮೊಮ್ಮಕ್ಕಳ ಕೈ ಸೇರುತ್ತಿತ್ತು, ಜೊತೆಗೆ ಯಾರೂ ಅಲ್ಲಗಳೆಯಲಾಗದ ಒಂದು ಕಥೆ.

ಟಿಪ್ಪುವಿನ ಕಾಲದ ಮೈಸೂರಿನ ಆಯುಧಗಳ ವಿಷಯದಲ್ಲಿ ಈ ಮಾತು ಇನ್ನೂ ಗಂಭೀರವಾಗುತ್ತದೆ. ಶ್ರೀರಂಗಪಟ್ಟಣ, ಬೆಂಗಳೂರು, ಬಿದನೂರು ನಗರಗಳ ಕಾರ್ಖಾನೆಗಳಲ್ಲಿ ಆಗ ತಯಾರಾದ ಕೋವಿ ಪಿಸ್ತೂಲುಗಳು ಯುರೋಪಿನ ಯಂತ್ರಕೌಶಲವನ್ನೂ ನಮ್ಮ ಕಮ್ಮಾರರ ಕೈಚಳಕವನ್ನೂ ಒಟ್ಟಿಗೆ ತೋರಿಸುತ್ತವೆ. 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ಹದಿನಾರನೆಯ ಲೂಯಿಯ ಆಸ್ಥಾನಕ್ಕೆ ಹೋದಾಗ ಕುಶಲಕರ್ಮಿಗಳನ್ನು ಕಳುಹಿಸಿಕೊಡಬೇಕೆಂದು ಕೇಳಿಕೊಂಡಿದ್ದರು. ಕೆಲವರು ಬಂದರು ಕೂಡ. ಜೋಡಿ ಪಿಸ್ತೂಲುಗಳಲ್ಲಿ ಒಂದರ ಕುದುರೆ ಬಲಪಕ್ಕದಲ್ಲಿ, ಇನ್ನೊಂದರದು ಎಡಪಕ್ಕದಲ್ಲಿ ಇರುವಂತೆ, ಕನ್ನಡಿಯ ಬಿಂಬದ ಹಾಗೆ ಮಾಡಿಸುವುದು ಅಲ್ಲಿನ ಒಂದು ವಿಶೇಷ. ಹುಲಿಯ ಮೊಗ, ಬಬ್ರಿ ಎಂಬ ಹುಲಿಪಟ್ಟೆಯ ಅಲಂಕಾರ, ಬೆಳ್ಳಿ ಬಂಗಾರದ ಕೆತ್ತನೆಯ ಜೊತೆಗೆ, ತಯಾರಾದ ಊರಿನ ಹೆಸರು, ಕಸಬುದಾರನ ಹೆಸರು, ಮೌಲೂದಿ ಶಕೆಯ ವರ್ಷ ಇವೆಲ್ಲ ಲೋಹದ ಮೇಲೆಯೇ ದಾಖಲಾಗಿರುತ್ತಿದ್ದವು. ಟಿಪ್ಪು ಜಾರಿಗೆ ತಂದ ಆ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯುತ್ತಿದ್ದರು. 1222 ಎಂಬುದು ಕಣ್ಣಿಗೆ 2221 ಎಂದು ಕಾಣುತ್ತದೆ. ಒಂದಂಕಿ ಸವೆದರೂ ಓದುವವನು ದಾರಿ ತಪ್ಪುತ್ತಾನೆ. ಹೆಸರು ಸವೆದರಂತೂ ಒಬ್ಬ ಕಸಬುದಾರ ಚರಿತ್ರೆಯಿಂದಲೇ ಅಳಿದುಹೋಗುತ್ತಾನೆ, ಏಕೆಂದರೆ ಅಂಥವರಲ್ಲಿ ಹಲವರ ಹೆಸರು ನಮಗೆ ಸಿಗುವುದು ಅವರು ಮಾಡಿದ ವಸ್ತುವಿನ ಮೇಲೆ ಮಾತ್ರ.

ಹೆಸರಷ್ಟೇ ಅಲ್ಲ, ಲೋಹದ ನೆಯ್ಗೆಯೂ ಹೋಗುತ್ತದೆ. ಹಿಂದೂಸ್ಥಾನದ ಒಳ್ಳೆಯ ನಳಿಗೆಗಳನ್ನು ಕಬ್ಬಿಣ ಉಕ್ಕಿನ ಪಟ್ಟಿಗಳನ್ನು ಸುರುಳಿಯಾಗಿ ಸುತ್ತಿ, ಕಾಯಿಸಿ, ಬಡಿದು ಬೆಸೆಯುತ್ತಿದ್ದರು. ಆಮ್ಲ ಹಚ್ಚಿದಾಗ ಆ ಪದರಗಳು ನೀರಿನ ಅಲೆಗಳಂತೆ ಎದ್ದು ಕಾಣುತ್ತವೆ. ಮೂಸೆಯಲ್ಲಿ ಕರಗಿಸಿದ ನಮ್ಮ ಉಕ್ಕಿನ ಕತ್ತಿಗಳಲ್ಲೂ ಇಂಥದೇ ಅಲೆಗಳುಂಟು. ಯುರೋಪಿನ ವಿದ್ವಾಂಸರು ಬೆರಗಾಗಿ ಪರೀಕ್ಷಿಸಿದ ‘ವೂಟ್ಜ್’ ಎಂಬ ಹೆಸರು ಕನ್ನಡದ ‘ಉಕ್ಕು’ ಶಬ್ದದಿಂದಲೇ ಬಂದದ್ದೆಂದು ಹೆಚ್ಚಿನವರ ಅಭಿಪ್ರಾಯ. ಸಾಣೆ ಹಿಡಿದು ಹೊಳಪೇರಿಸಿದರೆ ಅಲೆಗಳು ಮುಚ್ಚಿಹೋಗಿ ಯಾವ ಊರಿನದೂ ಆಗಿರಬಹುದಾದ ಒಂದು ಬಿಳಿಯ ಲೋಹ ಉಳಿಯುತ್ತದೆ. ಸುಲ್ತಾನನ ಆಸ್ತಿ ಕೊಳ್ಳೆಯಾಗಿ ಹಡಗೇರಿದ ಮೇಲೆ ಎಷ್ಟೋ ಆಯುಧಗಳು ಇಲ್ಲಿನ ಬಂಗಲೆಗಳ ಗೋಡೆಯೇರಿದವು. ಗೋಡೆಯ ಅಲಂಕಾರವಾದ ಮೇಲೆ ಹೊಳೆಯಬೇಕು ತಾನೆ!

ಉಜ್ಜದೆ ಬಿಟ್ಟದ್ದರ ಬೆಲೆ ಏನೆಂಬುದಕ್ಕೆ ಒಂದು ಉದಾಹರಣೆ 2019ರ ಮಾರ್ಚಿನಲ್ಲಿ ಸಿಕ್ಕಿತು. ಬರ್ಕ್‌ಷೈರಿನ ಒಂದು ಕುಟುಂಬದ ಅಟ್ಟದ ಮೇಲೆ ಟಿಪ್ಪುವಿಗೆ ಸಂಬಂಧಿಸಿದ ಆಯುಧಗಳು ಪತ್ತೆಯಾಗಿ ಹರಾಜಿಗೆ ಬಂದವು. ಕಂಪನಿಯ ಸೇವೆಯಲ್ಲಿದ್ದ ಮೇಜರ್ ಥಾಮಸ್ ಹಾರ್ಟ್ ಎಂಬವನು ಶ್ರೀರಂಗಪಟ್ಟಣದಿಂದ ತಂದವು ಅವು. ಅವುಗಳಲ್ಲಿ ಬೆಳ್ಳಿಯ ಅಲಂಕಾರದ ಒಂದು ಚಕಮಕಿ ಕೋವಿ, ಅದರ ಸಂಗೀನು. ಕೋವಿಯ ಒಂದು ಪಕ್ಕ ಗುಂಡೇಟು ತಿಂದು ತೀವ್ರವಾಗಿ ಜಖಂ ಆಗಿತ್ತು. ಅದನ್ನು ಯಾರೂ ತಿದ್ದಿರಲಿಲ್ಲ. ಬೇರೆ ಕೋವಿಗಳು ಶಸ್ತ್ರಾಗಾರದಲ್ಲಿ ಸುಮ್ಮನೆ ನಿಂತಿದ್ದವಿರಬಹುದು. ಇದು ಕದನದಲ್ಲಿ ಯಾರದೋ ಕೈಯಲ್ಲಿತ್ತು ಎಂಬುದನ್ನು ಆ ಗಾಯ ಹೇಳುತ್ತಿತ್ತು. ಅರವತ್ತು ಸಾವಿರ ಪೌಂಡಿಗೆ ಅದು ಮಾರಾಟವಾಯಿತು. ಹಣದ ಮಾತು ಬಿಡಿ. ಯಾವುದೋ ತಲೆಮಾರಿನ ಯಜಮಾನನೊಬ್ಬ ಒಳ್ಳೆಯ ಬಡಗಿ, ಒಳ್ಳೆಯ ಕಮ್ಮಾರನನ್ನು ಕರೆಸಿ ‘ಸರಿಪಡಿಸಿ’ದ್ದರೆ ಆ ದಿನದ ಒಂದು ಕ್ಷಣವನ್ನೇ ಅಳಿಸಿದಂತಾಗುತ್ತಿತ್ತು.

ಹಾಗಾದರೆ ತುಕ್ಕೆಲ್ಲ ಪವಿತ್ರವೇ? ಖಂಡಿತ ಅಲ್ಲ. 2018ರ ಜುಲೈಯಲ್ಲಿ ಹೊಸನಗರ ತಾಲ್ಲೂಕಿನ ಬಿದನೂರು ನಗರದ ಹಾಳುಬಾವಿಯೊಂದರಿಂದ ಪುರಾತತ್ವ ಇಲಾಖೆಯವರು ಸಾವಿರಕ್ಕೂ ಮಿಕ್ಕಿ ಕಬ್ಬಿಣದ ರಾಕೆಟ್ ಕೊಳವೆಗಳನ್ನು ಎತ್ತಿದರು. ಎರಡು ಶತಮಾನ ಕೆಸರಲ್ಲಿ ಮಲಗಿದ್ದ ಆ ಕೊಳವೆಗಳ ತುಕ್ಕು ಗಾಳಿಗೆ ಬಂದ ಮೇಲೆಯೂ ತಿನ್ನುತ್ತಲೇ ಇರುತ್ತದೆ. ತಡೆಯದಿದ್ದರೆ ವಸ್ತುವೇ ಪುಡಿಯಾದೀತು. ಬೆರಳಿಗೆ ಕಿತ್ತಳೆ ಪುಡಿ ಅಂಟಿದರೆ ಅದು ಜೀವಂತ ತುಕ್ಕು, ಅದಕ್ಕೆ ಚಿಕಿತ್ಸೆ ಬೇಕು. ಅಂಟದೆ, ನಯವಾಗಿ, ಗಾಢ ಕಂದಾಗಿ ಕೂತಿರುವುದು ಈಗ ಆ ವಸ್ತುವಿನ ಚರ್ಮ, ಅದನ್ನು ಸುಲಿಯಬಾರದು.

ನಮ್ಮವರಿಗೆ ಈ ಮಾತು ಒಗ್ಗುವುದು ಕಷ್ಟವೆಂದು ಬಲ್ಲೆ. ಹುಣಸೆಹಣ್ಣು ಹಚ್ಚಿ ತಂಬಿಗೆಯನ್ನು ಫಳಫಳ ಮಾಡಿಟ್ಟಾಗಲೇ ಹಬ್ಬ ಬಂತೆನ್ನುವ ಮನೆಗಳಲ್ಲಿ ಬೆಳೆದವರು ನಾವು. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗಳನ್ನು ಶುಚಿಮಾಡಿ ತೋಕ್ ಪೂವಿನಿಂದ ಸಿಂಗರಿಸುತ್ತಾರೆ. ಅದು ಬಳಕೆಯಲ್ಲಿರುವ ಕೋವಿಗೆ ಸಲ್ಲುವ ಗೌರವ, ಆ ಒರೆಸುವಿಕೆಯೂ ಅದರ ಆಯಸ್ಸಿನ ಭಾಗ. ಬಳಕೆ ನಿಂತು ಪೆಟ್ಟಿಗೆ ಸೇರಿದ ಆಯುಧದ ಆರೈಕೆ ಮಾತ್ರ ಬೇರೆ ರೀತಿಯದು. ಬರಿಗೈಯಲ್ಲಿ ಮುಟ್ಟಬಾರದು, ಬೆವರಿನ ಉಪ್ಪು ಬೆರಳಚ್ಚಿನ ಆಕಾರದಲ್ಲೇ ತುಕ್ಕಾಗುತ್ತದೆ. ಮೆದು ಬಟ್ಟೆಯಿಂದ ಧೂಳು ತೆಗೆದು, ಬ್ರಿಟಿಷ್ ಮ್ಯೂಸಿಯಮ್ಮಿನ ಪ್ರಯೋಗಾಲಯದಲ್ಲಿ ರೂಪುಗೊಂಡ ‘ರಿನೇಸಾನ್ಸ್’ ಎಂಬ ಮೇಣವನ್ನು ತೆಳ್ಳಗೆ ಸವರಿ, ಒಣಗಿದ ಜಾಗದಲ್ಲಿ ಇಟ್ಟರೆ ಸಾಕು. ಆ ಮೇಣ ಬೇಡವೆನಿಸಿದ ದಿನ ಅದನ್ನು ಒರೆಸಿ ತೆಗೆಯಬಹುದು. ಉಪ್ಪುಕಾಗದ ತೆಗೆದದ್ದನ್ನು ಯಾರೂ ಮರಳಿ ಹಚ್ಚಲಾರರು. ಅರಿಸಿನ ಕುಂಕುಮವನ್ನು ಅಂದು ನಾವು ಪಿಸ್ತೂಲಿಗೆ ಹಚ್ಚದೆ ಅದರ ಕೆಳಗಿನ ಬಟ್ಟೆಗೆ ಹಚ್ಚಿದೆವು. ಪುರೋಹಿತರು ನಕ್ಕು ಒಪ್ಪಿದರು.

ಕೊನೆಗೆ ಹಿರಿಯರು ಸ್ವಲ್ಪ ಸಂಕೋಚದಿಂದ ನಳಿಗೆಯನ್ನು ಮಗುಚಿ ಇನ್ನೊಂದು ಜಾಗ ತೋರಿಸಿದರು. ತಳಭಾಗದಲ್ಲಿ ಹೆಬ್ಬೆರಳಗಲದ ಒಂದು ನೀಲಿಗಪ್ಪು ಕಲೆ. ಹಿಂದಿನ ವಾರವೇ ಸೀಸೆಯ ದ್ರವವನ್ನು ಅಲ್ಲಿ ಹಚ್ಚಿ ನೋಡಿದ್ದರಂತೆ. ತೆಗೆಯಲು ಹೋದರೆ ಅದರೊಡನೆ ಕಂದೂ ಹೋಗುತ್ತದೆಂದು ಹೇಳಿದೆ. ಅವರು ಒಂದು ಚೀಟಿ ತರಿಸಿದರು. ಸಿಂಹದ ಗುರುತು ಎಲ್ಲಿದೆ, ಅದರಿಂದ ಏನು ತಿಳಿಯುತ್ತದೆ, ತಳಭಾಗದ ಕಲೆ ಯಾವ ತಾರೀಖಿನಂದು ಯಾವ ದ್ರವದಿಂದ ಯಾರ ಕೈಯಲ್ಲಾಯಿತು ಎಂಬುದನ್ನೆಲ್ಲ ಕನ್ನಡದಲ್ಲಿ ಬರೆದು, ಓದಲು ಬಾರದ ಮೊಮ್ಮಗಳಿಗಾಗಿ ಕೆಳಗೆ ಇಂಗ್ಲಿಷಿನಲ್ಲೂ ಬರೆದು, ಹಳದಿ ಬಟ್ಟೆಯ ಮಡಿಕೆಯೊಳಗೆ ಇಟ್ಟರು.