ಹಸ್ತದ ಮಳಿ ಸರಿದ ಹನ್ನೆರಡು ದಿನ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಎರಿ ಹೊಲದವರನ್ನ ‘ಜೋಳ ಬಿತ್ತೋದು ಯಾವಾಗ?’ ಅಂತ ಕೇಳಿ ನೋಡ್ರಿ. ತಾರೀಖು ಹೇಳೋದಿಲ್ಲ. ‘ಉತ್ತರಿ ಮುಗೀಲಿ, ಹಸ್ತ ಹತ್ತಲಿ’ ಅಂತಾರ. ಹೆಚ್ಚಿನ ಹಬ್ಬಗಳು ಚಂದ್ರನ ಲೆಕ್ಕದಾಗ ನಡೆದರೂ ಮಳಿ ಹೆಸರು ಮಾತ್ರ ಸೂರ್ಯನ ಲೆಕ್ಕ. ಸೂರ್ಯ ಒಂದು ನಕ್ಷತ್ರ ದಾಟಲು 13–14 ದಿನ ಬೇಕು, ಇಪ್ಪತ್ತೇಳೂ ದಾಟಿದರೆ ವರ್ಷ.

ಚೀನಾದ ರೈತರು ಇದೇ ವರ್ಷವನ್ನು 24 ಭಾಗ ಮಾಡಿಕೊಂಡರು. 2016ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದ ಲೆಕ್ಕ ಅದು. ಅದರಲ್ಲಿ ‘ಚಿಕ್ಕ ಚಳಿ’ ಜನವರಿ 5ರ ಸುಮಾರಿಗೆ, ‘ದೊಡ್ಡ ಚಳಿ’ 20ರ ಸುಮಾರಿಗೆ ಬರುತ್ತದೆ. ಸಾವಿರ ವರ್ಷ ಕಳೆದರೂ ಅವು ಚಳಿ ಬಿಟ್ಟು ಅಲ್ಲಾಡೋದಿಲ್ಲ, ಯಾಕಂದ್ರೆ ಲೆಕ್ಕದ ಬುಡದಲ್ಲಿರೋದು ಹಗಲು–ರಾತ್ರಿಯ ಉದ್ದ. ನಮ್ಮದರ ಬುಡದಲ್ಲಿ ನಕ್ಷತ್ರಗಳಿವೆ. ಭೂಮಿಯ ಅಕ್ಷ ಬುಗುರಿ ಹಂಗ ನಿಧಾನಕ್ಕೆ ಓಲಾಡೋದರಿಂದ ನಕ್ಷತ್ರದ ಲೆಕ್ಕ ಸುಮಾರು 71 ವರ್ಷಕ್ಕೊಂದು ದಿನ ಋತುವಿನಿಂದ ಮುಂದಕ್ಕೆ ಸರೀತದ. ಉತ್ತರಾಯಣ ಹುಟ್ಟೋದು ಡಿಸೆಂಬರ್ 21–22ಕ್ಕೆ, ನಾವು ಸಂಕ್ರಾಂತಿ ಮಾಡೋದು ಜನವರಿ 14–15ಕ್ಕೆ. ಸುಮಾರು 1700 ವರ್ಷದ ಹಿಂದೆ ಎರಡೂ ಒಂದೇ ದಿನ ಇದ್ದವು. (ಸಾಫ್ಟ್‌ವೇರಿನಾಗ ಇಂಥ ಬಗ್ ಇದ್ದರೆ ಟೆಸ್ಟಿಂಗ್ ಟೀಮಿಗೆ ಏಳು ತಲೆಮಾರು ಸಿಗೋದಿಲ್ಲ.)

ಈಗ ಲೆಕ್ಕ ಹಾಕ್ರಿ. ಬಾಗೇವಾಡಿಯ ಬಸವಣ್ಣನ ಕಾಲದಿಂದ ಇಲ್ಲಿಗೆ ಸುಮಾರು 850 ವರ್ಷ, ಅಂದ್ರೆ ಹನ್ನೆರಡು ದಿನ. ಇವತ್ತು ಸೆಪ್ಟೆಂಬರ್ 27ರ ಸುಮಾರಿಗೆ ಹತ್ತೋ ಮಳಿಯನ್ನ ನಾವು ಹಸ್ತ ಅಂತೀವಿ. ಅದೇ ಮಳಿ ಆಗ ಬಿದ್ದಿದ್ದರೆ ‘ಚಿತ್ತಿ ಬಂತು’ ಅಂತಿದ್ದರು. ಹಂಗಾದ್ರೂ ಒಕ್ಕಲುತನ ನಿಲ್ಲಲಿಲ್ಲ. ನಕ್ಷತ್ರದ ಹೆಸರು ಮುಂದಿಟ್ಟುಕೊಂಡು ರೈತ ನೋಡಿದ್ದು ಮಣ್ಣಿನ ಹದ ಅಂತ ನನಗನಿಸುತ್ತದೆ.

ಹದ ಯಾಕೆ ಅಷ್ಟು ಮುಖ್ಯ ಅಂದ್ರೆ, ಹಿಂಗಾರಿ ಬಿಳಿಜೋಳ ಹೆಚ್ಚಾಗಿ ಮಳಿ ನೋಡದೇ ಬೆಳೆಯೋ ಬೆಳೆ. ಎರಿ ಮಣ್ಣು ಕುಡಿದಿಟ್ಟುಕೊಂಡ ನೀರು, ರಾತ್ರಿಯ ತಂಪು, ಇಷ್ಟೇ ಬಂಡವಾಳ. ಚಳಿ ಏರಿದಂಗ ಹೊಲ ಬಿರುಕು ಬಿಡ್ತದ, ಅದಕ್ಕೇ ಎಡಿ ಹೊಡೆದು ಬಿರುಕು ಮುಚ್ಚೋದು. ಎಳ್ಳ ಅಮಾಸಿಗೆ ಚರಗ ಚೆಲ್ಲೋ ಹೊತ್ತಿಗೆ ತೆನಿ ಹೊರಗಿರಬೇಕು. ಆಮೇಲೆ ಸೀತನಿ, ಆಮೇಲೆ ರಾಶಿ. 1930ರ ದಶಕದಲ್ಲಿ ಸೋಲಾಪುರ ಜಿಲ್ಲೆಯ ಮೊಹೋಳದಲ್ಲಿ ಮಾಲದಂಡಿ ಜೋಳದಿಂದ ಆರಿಸಿದ ಎಂ 35–1 ಇವತ್ತಿಗೂ ನಮ್ಮ ರೊಟ್ಟಿಯಾಗಿರೋದು ಈ ಬರಗಟ್ಟಿ ಚಳಿಗಾಲ ತಾಳಿಕೊಂಡದ್ದಕ್ಕೇ.

ಹಸ್ತ–ಚಿತ್ತಿ ಕೈಕೊಟ್ಟರೆ ಏನಾಗ್ತದ ಅನ್ನೋದಕ್ಕೆ 1876, ಅಂದ್ರೆ ಧಾತು ಸಂವತ್ಸರ, ಸಾಕ್ಷಿ. ಆಗ ಈ ನಾಲ್ಕೂ ತಾಲೂಕು ಕಲಾದಗಿ ಜಿಲ್ಲೆಯಲ್ಲಿದ್ದವು. ಮುಂಗಾರಿ ಸೊರಗಿತ್ತು, ಹಿಂಗಾರಿ ಮಳಿಯೂ ಬರಲಿಲ್ಲ. ಬಿತ್ತಲು ಹದವೇ ಇಲ್ಲ ಅಂದ ಮೇಲೆ ಚಳಿಗಾಲದಾಗ ಬೆಳೆಯೋದು ಏನು? 1872ರ ಗಣತಿಯಲ್ಲಿ ಎಂಟು ಲಕ್ಷದಷ್ಟಿದ್ದ ಜಿಲ್ಲೆಯ ಜನ 1881ಕ್ಕೆ ಸುಮಾರು 6.4 ಲಕ್ಷ. ಸತ್ತವರೆಷ್ಟು, ಗುಳೆ ಹೋದವರೆಷ್ಟು ಅಂತ ಈ ಅಂಕಿ ಬಿಡಿಸಿ ಹೇಳೋದಿಲ್ಲ.

ಈಗ ಆಲಮಟ್ಟಿ, ನಾರಾಯಣಪುರದ ಕಾಲುವೆ ಮುಟ್ಟಿದ ಊರುಗಳಲ್ಲಿ ಕಟ್ಟಿ ಮೇಲಿನ ಮಾತು ಬದಲಾಗ್ಯದ. ‘ಯಾವ ಮಳಿ ನಡದದ?’ ಅನ್ನೋರು ಕಡಿಮೆ. ‘ನೀರು ಯಾವಾಗ ಬಿಡ್ತಾರಂತ?’ ಅಂತ ಕೇಳೋರೇ ಹೆಚ್ಚು.