ಬೆಕ್ಕಿನ ಗದ್ದದ ಮೊಡವೆ: ಒಂದು ಸಮೀಕ್ಷೆ

ಬೆಕ್ಕಿನ ಗದ್ದದಡಿಯ ರೋಮಗಳ ನಡುವೆ ಕರಿಮೆಣಸನ್ನು ತರಿತರಿಯಾಗಿ ಕುಟ್ಟಿ ಉದುರಿಸಿದಂತೆ ತೋರುವ ಕಪ್ಪು ಕಣಗಳನ್ನು ಸಾಕಿದವರು ಬಹುಕಾಲದಿಂದ ಕಂಡವರೇ ಆದರೂ, ಅವು ಹೊರಗಿನಿಂದ ಅಂಟಿದ ಕೊಳೆಯಲ್ಲ, ಚರ್ಮದೊಳಗಿನಿಂದಲೇ ಹುಟ್ಟಿಬಂದ ವಿಕಾರವೆಂಬ ತಿಳಿವಳಿಕೆ ಶಾಸ್ತ್ರಬದ್ಧವಾದುದು ಈಚಿನ ಸಂಗತಿ. ಪಶುವೈದ್ಯವೆಂದರೆ ಕುದುರೆ, ದನ, ಕುರಿಗಳ ವೈದ್ಯವೆಂದೇ ಜನ ಭಾವಿಸಿದ್ದ ಕಾಲದಲ್ಲಿ ಬೆಕ್ಕಿನ ಮೊಡವೆಗಾಗಿ ಗ್ರಂಥದ ಪುಟಗಳನ್ನು ಯಾರು ತಾನೆ ಮೀಸಲಿಟ್ಟಾರು! 1969ರಲ್ಲಿ ಅಮೆರಿಕದ ಮುಲ್ಲರ್ ಮತ್ತು ಕರ್ಕ್ ಎಂಬ ವಿದ್ವಾಂಸರು ಸಣ್ಣ ಸಾಕುಪ್ರಾಣಿಗಳ ಚರ್ಮರೋಗಗಳನ್ನೇ ವಸ್ತುವಾಗಿಟ್ಟುಕೊಂಡು ಗ್ರಂಥವೊಂದನ್ನು ಹೊರತಂದ ಬಳಿಕ ಈ ಶಾಖೆ ಕ್ರಮೇಣ ಸ್ವತಂತ್ರ ಸ್ಥಾನವನ್ನು ಗಳಿಸಿಕೊಂಡಿತೆನ್ನಬಹುದು.

ಗದ್ದವೇ ಈ ವ್ಯಾಧಿಯ ನೆಲೆಯಾದುದಕ್ಕೆ ದೇಹರಚನೆಯಲ್ಲಿ ಕಾರಣವುಂಟು. ಬಾಗಿಲ ಚೌಕಟ್ಟಿಗೋ ಮನೆಯವರ ಮೊಣಕಾಲಿಗೋ ಗದ್ದವನ್ನು ಉಜ್ಜಿ ತನ್ನ ಗಂಧಮುದ್ರೆಯನ್ನು ಒತ್ತುವುದು ಮಾರ್ಜಾಲದ ಸ್ವಭಾವವಾದುದರಿಂದ, ಆ ಭಾಗದಲ್ಲಿ ತೈಲಗ್ರಂಥಿಗಳು ದಟ್ಟವಾಗಿಯೂ ದೊಡ್ಡವಾಗಿಯೂ ಇರುತ್ತವೆ. ರೋಮಕೂಪದ ಒಳಪೊರೆಯಿಂದ ಕಳಚುವ ಕೆರಾಟಿನ್ ಎಂಬ ಪ್ರೋಟೀನು ಈ ಗ್ರಂಥಿಗಳ ಜಿಡ್ಡಿನೊಡನೆ ಬೆರೆತು ಕೂಪದ ಬಾಯನ್ನು ಮುಚ್ಚಿದಾಗ ಕಪ್ಪು ಕಣ ಮೂಡುತ್ತದೆ. ಮುಂದೆ ರೋಗಾಣುಗಳು ಸೇರಿಕೊಂಡರೆ ಕೆಂಪು ಗುಳ್ಳೆ, ಕೀವು, ಕಡೆಗೆ ಕೂಪವೇ ಒಡೆದು ಗದ್ದವೆಲ್ಲ ಊದಿಕೊಳ್ಳುವ ಸ್ಥಿತಿ. ಮನುಷ್ಯರಲ್ಲಿ ಮೊಡವೆ ಯೌವನದ ಸಂಗಾತಿ. ಬೆಕ್ಕಿಗೆ ಅಂತಹ ಕಟ್ಟಳೆಯಿಲ್ಲ. 1988ರಿಂದ 2003ರವರೆಗಿನ 74 ಬೆಕ್ಕುಗಳ ದಾಖಲೆಗಳನ್ನು ಸ್ಕಾಟ್ ಮತ್ತು ಮಿಲ್ಲರ್ ಎಂಬ ಚರ್ಮತಜ್ಞರು ಪರಿಶೀಲಿಸಿದಾಗಲೂ ವಯಸ್ಸು, ತಳಿ, ಲಿಂಗಗಳ ಯಾವ ಪಕ್ಷಪಾತವೂ ಗೋಚರಿಸಲಿಲ್ಲ.

ಮೂಲಕಾರಣವಾವುದೆಂಬ ಪ್ರಶ್ನೆಗೆ ಬಂದ ಉತ್ತರಗಳು ಹಲವು: ಬೆಕ್ಕು ತನ್ನ ನಾಲಿಗೆ ಎಟುಕದ ಗದ್ದವನ್ನು ಶುಚಿಮಾಡಿಕೊಳ್ಳಲಾರದೆಂದು ಒಬ್ಬರು, ರೋಮದ ಬೆಳವಣಿಗೆಯ ಚಕ್ರ ಕೆಟ್ಟಿದೆಯೆಂದು ಇನ್ನೊಬ್ಬರು, ಮನಃಕ್ಷೋಭೆಯೆಂದು ಮತ್ತೊಬ್ಬರು. ಎಲ್ಲಕ್ಕಿಂತ ಹೆಚ್ಚು ಅಪವಾದ ಹೊತ್ತದ್ದು ಪ್ಲಾಸ್ಟಿಕ್ ಬಟ್ಟಲು. ಅದರ ಗೀರುಗಳಲ್ಲಿ ಜಿಡ್ಡೂ ಸೂಕ್ಷ್ಮಾಣುಗಳೂ ಉಳಿಯುತ್ತವೆಂಬುದು ಯುಕ್ತವಾದ ಊಹೆಯೇ ಆದರೂ ಅದೇ ಕಾರಣವೆಂಬುದು ಸಿದ್ಧವಾಗಿಲ್ಲ. ಸ್ಟೀಲ್ ಬಟ್ಟಲನ್ನಿಟ್ಟು ದಿನವೂ ತೊಳೆಯುವುದರಿಂದ ನಷ್ಟವೇನೂ ಇಲ್ಲವಾದ್ದರಿಂದ ಆ ಸಲಹೆಯನ್ನು ನಾನು ತಳ್ಳಿಹಾಕಲಾರೆ. ಬಟ್ಟಲು ಬದಲಾಯಿತೆಂದು ವೈದ್ಯರನ್ನು ಕಾಣದಿರುವುದನ್ನು ಮಾತ್ರ ಒಪ್ಪಲಾರೆ.

ಈ ಕ್ಷೇತ್ರದ ನಿಜವಾದ ತಿರುವೆಂದರೆ 2006ರಲ್ಲಿ ಪ್ರಕಟವಾದ, 22 ಬೆಕ್ಕುಗಳ ಗದ್ದದ ಚರ್ಮವನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದ ಅಧ್ಯಯನ. ಅದಕ್ಕೂ ಮುನ್ನ, 1997ರಲ್ಲಿ, 25 ಬೆಕ್ಕುಗಳಿಗೆ ಬ್ಯಾಕ್ಟೀರಿಯಾಗಳನ್ನು ಅಡಗಿಸುವ ಮುಪಿರೋಸಿನ್ ಮುಲಾಮನ್ನು ಹಚ್ಚಿದ ಪ್ರಯೋಗವೊಂದು ಒಳ್ಳೆಯ ಫಲವನ್ನೇ ವರದಿಮಾಡಿತ್ತು. ಆದರೆ ಹೋಲಿಸಿ ನೋಡಲು ಔಷಧವಿಲ್ಲದ ಗುಂಪು ಅಲ್ಲಿರಲಿಲ್ಲ. ಅದರ ಫಲವನ್ನು ಕಂಡವರಿಗೆ ಈ ಮೊಡವೆ ರೋಗಾಣುಗಳ ಕೃತ್ಯವೆಂದೇ ತೋರಿದ್ದರೆ ಆಶ್ಚರ್ಯವಿಲ್ಲ. 2006ರ ಅಧ್ಯಯನದಲ್ಲಾದರೋ ಅರ್ಧಕ್ಕಿಂತ ಕಡಮೆ ಬೆಕ್ಕುಗಳಲ್ಲಿ ಬ್ಯಾಕ್ಟೀರಿಯಾ ಬೆಳೆದವು. ಕೆಲವುಗಳಲ್ಲಿ ಮಲಾಸೀಜಿಯಾ ಎಂಬ ಯೀಸ್ಟ್ ಕಾಣಿಸಿತು. ಬಹುಪಾಲಿನಲ್ಲಿ ಕಂಡುಬಂದದ್ದು ಗ್ರಂಥಿನಾಳಗಳ ಸುತ್ತಲಿನ ಉರಿಯೂತ ಮತ್ತು ನಾಳಗಳ ಹಿಗ್ಗುವಿಕೆ. ರೋಗಾಣು ಎಷ್ಟೋ ಬಾರಿ ಮೊದಲ ಅಪರಾಧಿಯಲ್ಲ, ತೆರೆದ ಬಾಗಿಲಿನಿಂದ ಹಿಂದೆ ಬಂದದ್ದೆಂಬ ವಿವೇಕಕ್ಕೆ ಇದರಿಂದ ಬಲ ಬಂದಿತು.

ಆದುದರಿಂದಲೇ ಇಂದು ಔಷಧಕ್ಕಿಂತ ಮೊದಲು ಪರೀಕ್ಷೆ. ಕಪ್ಪು ಕಣಗಳನ್ನು ಒದ್ದೆಯಾದ ಬಿಳಿ ಹತ್ತಿಗೆ ಒರೆಸಿದಾಗ ಕೆಂಗಂದು ಬಣ್ಣ ಹರಡಿದರೆ ಅದು ಮೊಡವೆಯಲ್ಲ, ಚಿಗಟದ ಮಲ. ಅದರಲ್ಲಿರುವುದು ಬೆಕ್ಕಿನದೇ ರಕ್ತ. ಚರ್ಮವನ್ನು ಕೆರೆದು ಡೆಮೊಡೆಕ್ಸ್ ನುಸಿಯನ್ನೂ, ಕಲ್ಚರ್ ಪರೀಕ್ಷೆಯಿಂದ ಗಜಕರ್ಣದ ಶಿಲೀಂಧ್ರವನ್ನೂ ವೈದ್ಯರು ಹುಡುಕುತ್ತಾರೆ. ಗಜಕರ್ಣ ಮನೆಯ ಮಕ್ಕಳಿಗೂ ಹರಡಬಲ್ಲುದಾದ್ದರಿಂದ, ಮೆಡಿಕಲ್ ಶಾಪಿನಿಂದ ತಂದ ಸ್ಟೀರಾಯ್ಡ್ ಮಿಶ್ರಿತ ಮುಲಾಮನ್ನು ಪರೀಕ್ಷೆಯಿಲ್ಲದೆ ಹಚ್ಚುವುದು ಅನರ್ಥಕ್ಕೆ ಎಡೆಮಾಡುತ್ತದೆ. ಗಡ್ಡೆ ಗಟ್ಟಿಯಾಗಿ ಉಳಿದರೆ ಬಯಾಪ್ಸಿಯೂ ಬೇಕಾದೀತು.

ಕೆಂಪೂ ನೋವೂ ಇಲ್ಲದೆ ಕಪ್ಪು ಕಣಗಳಷ್ಟೇ ಇದ್ದರೆ ಸುಮ್ಮನೆ ಬಿಡುವುದೂ ಒಂದು ಚಿಕಿತ್ಸೆಯೇ. ಬೇಕೆನಿಸಿದರೆ ಬೆಚ್ಚನೆಯ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕೆಲವು ನಿಮಿಷ ಒತ್ತಿ, ವೈದ್ಯರು ಹೇಳಿದ ಸೌಮ್ಯ ಪ್ರಮಾಣದ ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದ ಒರೆಸಬಹುದು. ಉಗುರಿನಿಂದ ಹಿಸುಕಿದರೆ ಕೂಪ ಒಳಮುಖವಾಗಿ ಒಡೆಯುವ ಭಯವಿದೆ. ಬೆಂಜಾಯಿಲ್ ಪೆರಾಕ್ಸೈಡ್ ಕೂಪವನ್ನು ತೊಳೆಯುವುದರಲ್ಲಿ ಸಮರ್ಥವಾದರೂ ಬೆಕ್ಕಿನ ಚರ್ಮವನ್ನು ಸುಲಭವಾಗಿ ಕೆರಳಿಸುತ್ತದೆ. ನಿಸರ್ಗಜನ್ಯವೆಂದು ಹೊಗಳಲ್ಪಡುವ ಟೀ ಟ್ರೀ ಎಣ್ಣೆಯಂತೂ ಬೆಕ್ಕಿಗೆ ವಿಷ. ಕೀವು ಕಟ್ಟಿ ಗದ್ದ ಬಿಸಿಯೇರಿದಾಗ ರೋಮ ಕತ್ತರಿಸಿ, ಕೋಶಪರೀಕ್ಷೆಯ ಆಧಾರದ ಮೇಲೆ ಪ್ರತಿಜೈವಿಕವನ್ನು ಕೊಡುವುದು ಅನಿವಾರ್ಯ. ಮುಪಿರೋಸಿನ್ ಇಂದಿಗೂ ಉಪಯುಕ್ತವೇ. ಆದರೆ ಮನುಷ್ಯರ ಮೂಗಿನಲ್ಲಿ ನೆಲಸುವ, ಔಷಧಕ್ಕೆ ಬಗ್ಗದ ಸ್ಟ್ಯಾಫಿಲೊಕಾಕಸ್ ಅನ್ನು ನೀಗಿಸಲು ವೈದ್ಯರು ನೆಚ್ಚಿರುವುದು ಇದೇ ಮುಲಾಮನ್ನಾದುದರಿಂದ, ಕೀವಿಲ್ಲದ ನಾಲ್ಕು ಕಪ್ಪು ಚುಕ್ಕೆಗಳಿಗಾಗಿ ಅದನ್ನು ಬಳಸುವುದು ಸರಿಯೆನಿಸದು.